ಐದು ಮನೆ, ಇಪ್ಪತ್ತಾರು ಅಕ್ಷರ: ಇಂಗ್ಲಿಷ್ ಪದದಾಟ ಗೆಲ್ಲುವ ಸೂತ್ರಗಳು

ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೊಬೈಲಿನಲ್ಲಿ ವರ್ಡಲ್ ಆಡುವವರು, ಭಾನುವಾರ ಮಕ್ಕಳ ಜೊತೆ ಸ್ಕ್ರ್ಯಾಬಲ್ ಹಲಗೆ ಬಿಚ್ಚುವವರು, ಇಂಗ್ಲಿಷ್ ಪತ್ರಿಕೆಯ ಪದಬಂಧಕ್ಕೆ ಪೆನ್ಸಿಲ್ ಮಸೆದು ಕೂರುವವರು, ಇವರೆಲ್ಲರ ತಲೆಯಲ್ಲಿ ಓಡುವ ಪ್ರಶ್ನೆ ಒಂದೇ. ಇಷ್ಟು ಅಕ್ಷರದ ಪದ, ಅದರಲ್ಲಿ ಇಂಥ ಅಕ್ಷರ ಇರಬೇಕು, ಇಂಥದ್ದು ಇರಬಾರದು, ಯಾವುದದು? ಕನ್ನಡ ಮಾಧ್ಯಮದಲ್ಲಿ ಓದಿದ ಅನೇಕರು ‘ನಮಗೆ ಅಷ್ಟೆಲ್ಲ ಇಂಗ್ಲಿಷ್ ಪದ ಬರುವುದಿಲ್ಲ’ ಎಂದು ಈ ಆಟಗಳಿಂದ ದೂರವೇ ಉಳಿಯುತ್ತಾರೆ. ಹಾಗೆ ಉಳಿಯಬೇಕಾಗಿಲ್ಲ. ಪದಗಳ ರಾಶಿ ಎಷ್ಟಿದೆ ಎಂಬುದಕ್ಕಿಂತ ಅಕ್ಷರಗಳ ನಡತೆ ಗೊತ್ತಿದೆಯೇ ಎಂಬುದೇ ಇಲ್ಲಿ ಮುಖ್ಯ: ಯಾವುದು ಯಾವುದರ ಪಕ್ಕ ಕೂರುತ್ತದೆ, ಯಾವುದು ಮೊದಲಿಗೆ ಬರುತ್ತದೆ, ಯಾವುದು ಕೊನೆಗೆ ಬರುವುದೇ ಇಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದಾಗ ಅವರಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. ಸುಮಾರು ಒಂಬತ್ತು ವಾರ ಕೂತು ಆ ಭಾಷೆಯ ಪದಗಳ ಅಕ್ಷರಜೋಡಣೆಯನ್ನು ತಲೆಗೆ ತುಂಬಿಕೊಂಡಿದ್ದರು, ಅಷ್ಟೇ. ಅವರ ನೆನಪಿನ ಶಕ್ತಿ ನಮಗೆ ಬೇಕಿಲ್ಲ, ದಾರಿ ತಿಳಿದರೆ ಸಾಕು.

1. ಕಿವಿಗಿಂತ ಕಣ್ಣನ್ನು ನಂಬಿ

ಕನ್ನಡದಲ್ಲಿ ನುಡಿದಂತೆ ಬರೆಯುತ್ತೇವೆ. ಆ ಅಭ್ಯಾಸ ಇಲ್ಲಿ ಅಡ್ಡ ಬರುತ್ತದೆ. ‘ಥ್ರೂ’ ನಮ್ಮ ಲೆಕ್ಕದಲ್ಲಿ ಒಂದೇ ಅಕ್ಷರ. ಇಂಗ್ಲಿಷಿನಲ್ಲಿ ಅದಕ್ಕೆ ಏಳು ಮನೆ. ಸಾಲಿನಲ್ಲಿ ನಿಲ್ಲುವ ‘ಕ್ಯೂ’ಗೆ ಐದು ಮನೆ, ಅದರಲ್ಲಿ ನಾಲ್ಕು ಸ್ವರಗಳು. ಆದ್ದರಿಂದ ಮೊದಲು ಕಲಿಯಬೇಕಾದದ್ದು ಸದ್ದಿಲ್ಲದ ಅಕ್ಷರಗಳನ್ನು. ‘ಎನ್’ ಮುಂದೆ ಸುಮ್ಮನೆ ನಿಲ್ಲುವ ‘ಕೆ’: ನೈಫ್, ನಾಕ್, ನೀಲ್. ‘ಆರ್’ ಮುಂದೆ ಅಡಗುವ ‘ಡಬ್ಲ್ಯೂ’: ರಿಸ್ಟ್, ರೈಟ್, ರಾಂಗ್. ‘ಎಮ್’ ಹಿಂದೆ ನಿಲ್ಲುವ ‘ಬಿ’: ಥಂಬ್, ಕ್ಲೈಂಬ್. ನೋಮ್‌ನ ಮೊದಲಿಗೆ ‘ಜಿ’, ಸಾಮ್‌ನ ಮೊದಲಿಗೆ ‘ಪಿ’. ಇವೆಲ್ಲವೂ ಐದಕ್ಷರದ ಪದಗಳೇ.

ನೈಫ್‌ನ ‘ಕೆ’ ಒಂದು ಕಾಲಕ್ಕೆ ಬಾಯಲ್ಲಿ ಕೇಳಿಸುತ್ತಿತ್ತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ ಮೇಲೆ ಸ್ಪೆಲ್ಲಿಂಗ್ ನಿಧಾನವಾಗಿ ಗಟ್ಟಿಯಾಯಿತು, ಉಚ್ಚಾರ ಮಾತ್ರ ಬದಲಾಗುತ್ತಲೇ ಹೋಯಿತು. ಹಾಗಾಗಿ ಆಡುವಾಗ ಪದವನ್ನು ಮನಸ್ಸಿನಲ್ಲಿ ಉಚ್ಚರಿಸುತ್ತಾ ಕೂರಬೇಡಿ. ಕಾಗದದ ಮೇಲೆ ಖಾಲಿ ಮನೆ ಬರೆದು ಅಕ್ಷರ ತುಂಬಿ ನೋಡಿ.

2. ಉತ್ತರ ನಿಮಗೆ ಗೊತ್ತಿರುವ ಪದವೇ

ಅಡಗಿರುವ ಐದಕ್ಷರದ ಪದವನ್ನು ಊಹಿಸುವ ವರ್ಡಲ್ ಕಟ್ಟಿದ್ದು ವೇಲ್ಸ್ ಮೂಲದ ಸಾಫ್ಟ್‌ವೇರ್ ಎಂಜಿನಿಯರ್ ಜಾಶ್ ವಾರ್ಡಲ್, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದಾಗ, ಪದದಾಟ ಇಷ್ಟಪಡುತ್ತಿದ್ದ ತಮ್ಮ ಸಂಗಾತಿ ಪಲಕ್ ಶಾ ಅವರಿಗಾಗಿ. ಇಂಗ್ಲಿಷಿನಲ್ಲಿ ಸುಮಾರು 12,000 ಐದಕ್ಷರದ ಪದಗಳಿವೆ. ಹೆಚ್ಚಿನವನ್ನು ಇಂಗ್ಲಿಷರೂ ಕೇಳಿರುವುದಿಲ್ಲ. ಪಲಕ್ ಆ ಪಟ್ಟಿಯನ್ನು ಒಂದೊಂದಾಗಿ ನೋಡಿ, ಜನಕ್ಕೆ ಪರಿಚಯ ಇರುವಂಥ ಸುಮಾರು 2,500 ಪದಗಳನ್ನು ಉಳಿಸಿದರು. ಆಟ 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಸಿಕ್ಕಿತು, ನವೆಂಬರ್ 1ರಂದು ಆಡಿದವರು 90 ಮಂದಿ. 2022ರ ಜನವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಳ್ಳುವ ಹೊತ್ತಿಗೆ ಸಂಖ್ಯೆ ಲಕ್ಷಗಳನ್ನು ದಾಟಿತ್ತು. ಆಟ ಅಷ್ಟು ಹಬ್ಬಿದ್ದಕ್ಕೆ ಪಲಕ್ ಮಾಡಿದ ಈ ಸೋಸುವಿಕೆಯೂ ಒಂದು ಕಾರಣ ಎಂದು ನನ್ನ ನಂಬಿಕೆ.

ಇದರಿಂದ ನಮಗೆ ಸಿಗುವ ಸೂತ್ರ ಸರಳ. ಕೊನೆಗೆ ಎರಡು ಪದ ಉಳಿದು, ಒಂದು ಪರಿಚಿತ, ಇನ್ನೊಂದು ಅಪರೂಪದ್ದು ಎಂದಾದರೆ ಪರಿಚಿತವನ್ನೇ ಒತ್ತಿ. ಹಾಗೆಯೇ ‘ಎಸ್’ ಸೇರಿಸಿ ಮಾಡಿದ ಸಾದಾ ಬಹುವಚನ ಆ ಮೂಲ ಪಟ್ಟಿಯ ಉತ್ತರಗಳಲ್ಲಿ ಇರಲಿಲ್ಲ. ಬುಕ್ಸ್, ಟ್ರೀಸ್ ತರಹದ ಪದವನ್ನು ಹುಡುಕಾಟದ ಸಾಧನವಾಗಿ ಒತ್ತಬಹುದು, ಉತ್ತರವಾಗಿ ನೆಚ್ಚಬೇಡಿ.

3. ಹೆಚ್ಚು ದುಡಿಯುವ ಅಕ್ಷರಗಳನ್ನು ಮೊದಲು ಕರೆಯಿರಿ

ಇಂಗ್ಲಿಷಿನಲ್ಲಿ ಎಲ್ಲ ಅಕ್ಷರಗಳಿಗೂ ಸಮಾನ ಕೆಲಸ ಇಲ್ಲ. ಮೋರ್ಸ್ ಸಂಕೇತದಲ್ಲಿ ‘ಇ’ಗೆ ಒಂದೇ ಚುಕ್ಕೆ, ‘ಟಿ’ಗೆ ಒಂದೇ ಗೆರೆ ಕೊಟ್ಟಿರುವುದು ಅವೆರಡೂ ಅತಿ ಹೆಚ್ಚು ಬರುವುದರಿಂದಲೇ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್, ಪತ್ರಿಕೆಯ ಪುಟಗಳಲ್ಲಿ ಅಕ್ಷರ ಎಣಿಸಿಯೇ ಸ್ಕ್ರ್ಯಾಬಲ್ಲಿನ ಬಿಲ್ಲೆಗಳನ್ನು ಹಂಚಿದರು. ನೂರು ಬಿಲ್ಲೆಗಳಲ್ಲಿ ‘ಇ’ 12, ‘ಎ’ ಮತ್ತು ‘ಐ’ ತಲಾ 9, ‘ಒ’ 8. ‘ಕ್ಯೂ’, ‘ಝಡ್’, ‘ಜೆ’, ‘ಎಕ್ಸ್’, ‘ಕೆ’ ಒಂದೊಂದೇ. ‘ಎಸ್’ ಮಾತ್ರ ನಾಲ್ಕಕ್ಕೇ ನಿಲ್ಲಿಸಿದ್ದಾರೆ. ಹೆಚ್ಚಿದ್ದರೆ ಎಲ್ಲರೂ ಬಹುವಚನ ಮಾಡಿಯೇ ಅಂಕ ಹೊಡೆಯುತ್ತಿದ್ದರು.

ಒಂದು ಎಚ್ಚರ: ಓದುವ ಪುಟದಲ್ಲಿ ‘ಎಚ್’ ಬಹಳ ಕಾಣಿಸುತ್ತದೆ, ಏಕೆಂದರೆ ದ, ದಟ್, ಹಿ, ಹರ್ ಮತ್ತೆ ಮತ್ತೆ ಬರುತ್ತವೆ. ವರ್ಡಲ್ ಉತ್ತರಗಳ ಮೂಲ ಪಟ್ಟಿಯಲ್ಲಿ ಅದಕ್ಕೆ ಅಷ್ಟು ಬಲ ಇಲ್ಲ. ಅಲ್ಲಿನ ಮೊದಲ ಹತ್ತು ಇವು: ಇ, ಎ, ಆರ್, ಒ, ಟಿ, ಎಲ್, ಐ, ಎಸ್, ಎನ್, ಸಿ. ಇವನ್ನು ಬಾಯಿಪಾಠ ಮಾಡಿ.

4. ಮೊದಲೆರಡು ಪದ ಮೊದಲೇ ಗೊತ್ತುಮಾಡಿಕೊಳ್ಳಿ

ದಿನಕ್ಕೊಂದು ಹೊಸ ಪದದಿಂದ ಶುರು ಮಾಡುವುದು ಮಜವೇ, ಆದರೆ ಗೆಲುವು ಬೇಕಿದ್ದರೆ ಜೋಡಿ ಪದ ಇಟ್ಟುಕೊಳ್ಳಿ. ‘ಸ್ಲೇಟ್’ ಮತ್ತು ‘ಕ್ರೋನಿ’ ಒತ್ತಿದರೆ ಮೇಲಿನ ಹತ್ತರಲ್ಲಿ ‘ಐ’ ಬಿಟ್ಟು ಒಂಬತ್ತೂ ಪರೀಕ್ಷೆಯಾಗುತ್ತವೆ, ಜೊತೆಗೆ ಪದದ ಕೊನೆಯಲ್ಲಿ ಬಹಳ ಬರುವ ‘ವೈ’ ಕೂಡ. ‘ಅರೋಸ್’ ಮತ್ತು ‘ಅಂಟಿಲ್’ ಒತ್ತಿದರೆ ಐದು ಸ್ವರಗಳೂ ಒಮ್ಮೆಗೇ ಮುಗಿದು, ಆರ್, ಎಸ್, ಎನ್, ಟಿ, ಎಲ್ ಐದು ಗಟ್ಟಿ ವ್ಯಂಜನಗಳೂ ತಿಳಿಯುತ್ತವೆ.

ಬಹಳ ಜನ ‘ಅಡ್ಯೂ’ ಒತ್ತುತ್ತಾರೆ, ನಾಲ್ಕು ಸ್ವರ ಒಂದೇ ಏಟಿಗೆ ಸಿಗುತ್ತವೆ ಎಂದು. ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಸ್ವರ ಎಲ್ಲ ಪದದಲ್ಲೂ ಇದ್ದೇ ಇರುತ್ತದೆ. ಪದದಿಂದ ಪದವನ್ನು ಬೇರೆ ಮಾಡಿ ತೋರಿಸುವುದು ವ್ಯಂಜನ.

5. ತಲೆ ಮತ್ತು ಬಾಲ ನೋಡಿ

ಅತಿ ಹೆಚ್ಚು ಐದಕ್ಷರದ ಪದಗಳು ಶುರುವಾಗುವುದು ‘ಎಸ್’ನಿಂದ. ಅದರ ಹಿಂದೆಯೇ ಟಿ, ಪಿ, ಎಚ್, ಸಿ, ಎಲ್ ಬಂದು ಕೂರುತ್ತವೆ: ಸ್ಟೋನ್, ಸ್ಪೂನ್, ಶಾರ್ಪ್, ಸ್ಕೇಲ್, ಸ್ಲೀಪ್. ವರ್ಡಲ್ ಉತ್ತರಗಳ ಕೊನೆಗೆ ಹೆಚ್ಚು ಬರುವವು ‘ಇ’, ‘ವೈ’, ‘ಟಿ’, ‘ಆರ್’. ಸ್ವರಗಳಿಗೆ ಎರಡನೆಯ ಮತ್ತು ಮೂರನೆಯ ಮನೆ ಇಷ್ಟ.

ಯಾವುದು ಎಲ್ಲಿ ಬರುವುದಿಲ್ಲ ಎನ್ನುವುದು ಇನ್ನೂ ಉಪಯುಕ್ತ. ಸಾಮಾನ್ಯ ಇಂಗ್ಲಿಷ್ ಪದ ‘ವಿ’ಯಲ್ಲಿ ಮುಗಿಯುವುದಿಲ್ಲ, ಅದರ ಹಿಂದೆ ‘ಇ’ ಬಂದೇ ಬರುತ್ತದೆ: ಲೀವ್, ಸಾಲ್ವ್, ನರ್ವ್. ‘ಜೆ’ಯಲ್ಲೂ ಮುಗಿಯುವುದಿಲ್ಲ, ಆ ಸದ್ದು ಕೊನೆಗೆ ಬೇಕಾದಾಗ ಡಿ-ಜಿ-ಇ ಬರುತ್ತದೆ: ಜಡ್ಜ್, ಬ್ಯಾಡ್ಜ್, ಲಾಡ್ಜ್. ‘ಐ’ಯಲ್ಲಿ ಮುಗಿಯುವ ಪದ ಕಂಡರೆ ಅದು ಹೆಚ್ಚಾಗಿ ಹೊರಗಿನಿಂದ ಬಂದದ್ದು, ನಮ್ಮ ಖಾಕಿಯ ಹಾಗೆ.

‘ಎಚ್’ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅದು ಇದೆ, ಆದರೆ ಜಾಗ ಗೊತ್ತಿಲ್ಲ ಎಂದಾದಾಗ ಒಂಟಿಯಾಗಿ ಹುಡುಕಬೇಡಿ. ಸಿ, ಎಸ್, ಟಿ, ಡಬ್ಲ್ಯೂ, ಪಿ, ಜಿ ಇವುಗಳಲ್ಲಿ ಯಾವುದಾದರೂ ಅದರ ಮುಂದೆ ಇರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಅದನ್ನು ಮೊದಲು ಎರಡನೆಯ ಮನೆಯಲ್ಲಿಟ್ಟು ನೋಡಿ (ಚೇರ್, ಶರ್ಟ್, ವೀಲ್, ಫೋನ್), ಆಗದಿದ್ದರೆ ಐದನೆಯ ಮನೆಯಲ್ಲಿ (ಬೀಚ್, ಬ್ರಶ್, ಮಂತ್). ಈ ಒಂದು ಅಭ್ಯಾಸದಿಂದಲೇ ಅನೇಕ ಆಟಗಳಲ್ಲಿ ಒಂದು ಪ್ರಯತ್ನ ಉಳಿಯುತ್ತದೆ.

6. ಒಂದು ಆಟವನ್ನು ಹತ್ತಿರದಿಂದ ನೋಡಿ

ವರ್ಡಲ್‌ನಲ್ಲಿ ಆರು ಪ್ರಯತ್ನ. ಹಸಿರು ಬಂದರೆ ಅಕ್ಷರವೂ ಸರಿ, ಜಾಗವೂ ಸರಿ. ಹಳದಿ ಬಂದರೆ ಅಕ್ಷರ ಇದೆ, ಜಾಗ ಬೇರೆ. ಬೂದು ಬಂದರೆ ಅಕ್ಷರವೇ ಇಲ್ಲ. ಈಗ ‘ಸ್ಲೇಟ್’ ಒತ್ತಿದ್ದೀರಿ: ಮೂರನೆಯ ಮನೆಯ ‘ಎ’ ಹಸಿರು, ಉಳಿದ ನಾಲ್ಕೂ ಬೂದು. ‘ಕ್ರೋನಿ’ ಒತ್ತಿದ್ದೀರಿ: ಎರಡನೆಯ ಮನೆಯ ‘ಆರ್’ ಹಳದಿ, ಉಳಿದವು ಬೂದು.

ಇಲ್ಲಿ ಕೈ ಬಿಡುವವರೇ ಹೆಚ್ಚು, ಎರಡೇ ಅಕ್ಷರ ಸಿಕ್ಕಿತಲ್ಲ ಎಂದು. ನಿಜವಾಗಿ ಬಹಳ ಸಿಕ್ಕಿದೆ. ಎಸ್, ಎಲ್, ಟಿ, ಇ, ಸಿ, ಒ, ಎನ್, ವೈ ಎಂಟೂ ಹೊರಗೆ. ‘ಆರ್’ ಎರಡನೆಯ ಮನೆಯಲ್ಲಿಲ್ಲ, ಮೂರನೆಯದು ತುಂಬಿದೆ. ಮೊದಲನೆಯದರಲ್ಲಿ ‘ಆರ್’ ಇಟ್ಟರೆ ಮುಂದೆ ಕೂರಿಸಲು ಸ್ವರ ಸಾಲದು. ಐದನೆಯದರಲ್ಲಿಟ್ಟರೂ ಪದ ಹೊಳೆಯುವುದಿಲ್ಲ. ಹಾಗಾದರೆ ನಾಲ್ಕನೆಯದೇ. ನಡುವೆ ‘ಎ-ಆರ್’ ನಿಂತಿತು. ಅದರ ಹಿಂದೆ ಬರಬಲ್ಲವು ಡಿ, ಎಫ್, ಕೆ. ಆಗ ಸಾಮಾನ್ಯ ಪದಗಳಲ್ಲಿ ಉಳಿಯುವುದು ಐದೇ: ಗಾರ್ಡ್, ಅವಾರ್ಡ್, ಕ್ವಾರ್ಕ್, ಡ್ವಾರ್ಫ್, ವಾರ್ಫ್.

ಈಗ ಯಾವುದನ್ನು ಒತ್ತಬೇಕು? ಉಳಿದ ನಾಲ್ಕನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸಬಲ್ಲ ಪದವನ್ನು. ‘ಡ್ವಾರ್ಫ್’ ಅಂಥದ್ದು. ಅದರ ‘ಎ’ ಮತ್ತು ‘ಆರ್’ ಹೇಗೂ ಹಸಿರೇ. ‘ಡಿ’ ಹಳದಿ, ‘ಡಬ್ಲ್ಯೂ’ ಹಸಿರು ಬಂದರೆ ಅವಾರ್ಡ್. ‘ಡಿ’ ಹಳದಿ, ‘ಡಬ್ಲ್ಯೂ’ ಬೂದು ಬಂದರೆ ಗಾರ್ಡ್. ‘ಡಬ್ಲ್ಯೂ’ ಹಳದಿ, ಕೊನೆಯ ‘ಎಫ್’ ಹಸಿರು ಬಂದರೆ ಹಡಗುಕಟ್ಟೆ ಎಂಬ ಅರ್ಥದ ವಾರ್ಫ್. ಡಿ, ಡಬ್ಲ್ಯೂ, ಎಫ್ ಮೂರೂ ಬೂದಾದರೆ ಕ್ವಾರ್ಕ್. ಅದೃಷ್ಟ ಇದ್ದರೆ ಮೂರರಲ್ಲಿ, ಇಲ್ಲವಾದರೂ ನಾಲ್ಕರಲ್ಲಿ ಆಟ ಮುಗಿಯಿತು. ಬದಲು ‘ಕ್ವಾರ್ಕ್’ ಒತ್ತಿದ್ದರೆ, ಅವಾರ್ಡ್, ಡ್ವಾರ್ಫ್, ವಾರ್ಫ್ ಮೂರಕ್ಕೂ ಬಣ್ಣ ಒಂದೇ ತರಹ ಬರುತ್ತಿತ್ತು.

7. ಅವಳಿಗಳ ಬಲೆಯಲ್ಲಿ ಬೀಳಬೇಡಿ

ನಾಲ್ಕು ಹಸಿರು ಬಂದಾಗ ಗೆದ್ದೆವೆಂದು ಅನ್ನಿಸುತ್ತದೆ. ಹೆಚ್ಚು ಜನ ಸೋಲುವುದು ಅಲ್ಲೇ. ಐ-ಜಿ-ಎಚ್-ಟಿ ಕೊನೆಗೆ ನಿಂತಿದೆ, ‘ಆರ್’ ಮತ್ತು ‘ಇ’ ಆಗಲೇ ಬೂದಾಗಿವೆ, ಮೂರು ಪ್ರಯತ್ನ ಉಳಿದಿದೆ ಎಂದಿಟ್ಟುಕೊಳ್ಳಿ. ಫೈಟ್, ಲೈಟ್, ಮೈಟ್, ನೈಟ್, ಸೈಟ್, ಟೈಟ್, ಆರೂ ಸಾಧ್ಯ. ಒಂದೊಂದಾಗಿ ಒತ್ತಿದರೆ ಮೂರು ಉಳಿದೇ ಹೋಗುತ್ತವೆ. ಬದಲು ‘ಫಿಲ್ಮ್ಸ್’ ಒತ್ತಿ. ಅದು ಉತ್ತರ ಆಗಲಾರದು ಎಂದು ಗೊತ್ತಿದ್ದೇ ಒತ್ತುವುದು. ‘ಎಫ್’ ಹಸಿರಾದರೆ ಫೈಟ್. ಎಲ್, ಎಮ್, ಎಸ್‌ಗಳಲ್ಲಿ ಯಾವುದು ಹಳದಿಯೋ ಆ ಪದ. ಯಾವುದೂ ಇಲ್ಲದಿದ್ದರೆ ನೈಟ್ ಅಥವಾ ಟೈಟ್. ಎರಡು ಪ್ರಯತ್ನ ಇನ್ನೂ ಕೈಯಲ್ಲಿದೆ, ಸೋಲು ಅಸಾಧ್ಯ. ಹಾರ್ಡ್ ಮೋಡ್‌ನಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ, ಸಿಕ್ಕ ಹಸಿರನ್ನು ಅಲ್ಲಿ ಕದಲಿಸುವಂತಿಲ್ಲ.

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ನೂತ್ 5,757 ಐದಕ್ಷರದ ಪದಗಳ ಪಟ್ಟಿ ಮಾಡಿ, ಒಂದೇ ಅಕ್ಷರ ವ್ಯತ್ಯಾಸವಿರುವ ಪದಗಳನ್ನು ಒಂದಕ್ಕೊಂದು ಗೆರೆಯೆಳೆದು ಜೋಡಿಸಿದ್ದರು. 671 ಪದಗಳಿಗೆ ನೆರೆಯವರೇ ಇರಲಿಲ್ಲ. ಅವುಗಳಲ್ಲಿ ಒಂದು, ದೂರ ನಿಲ್ಲುವ ಎಂಬ ಅರ್ಥದ ‘ಅಲೂಫ್’. ಅಂಥ ಒಂಟಿ ಪದ ಹುಡುಕುವುದು ಕಷ್ಟ, ಸಿಕ್ಕಿದರೆ ಅನುಮಾನ ಇಲ್ಲ. ನೆರೆಹೊರೆ ದೊಡ್ಡದಿರುವ ಪದ ಹುಡುಕುವುದು ಸುಲಭ, ಹಿಡಿಯುವುದು ಕಷ್ಟ.

8. ಒಂದೇ ಅಕ್ಷರ ಎರಡು ಸಲ ಬರಬಹುದು

ಬೇರೆ ಬೇರೆ ಐದು ಅಕ್ಷರ ಹುಡುಕುತ್ತಾ ಕೂತರೆ ಆ್ಯಪಲ್, ಹಲೋ, ಗ್ರೀನ್ ತರಹದ ಪದ ಹೊಳೆಯುವುದಿಲ್ಲ. ‘ಮಮ್ಮಿ’ಯಲ್ಲಿ ‘ಎಮ್’ ಮೂರು ಸಲ ಇದೆ. ಮೂರನೆಯ ಪ್ರಯತ್ನದ ಹೊತ್ತಿಗೂ ದಾರಿ ಕಾಣದಿದ್ದರೆ, ಸಿಕ್ಕ ಅಕ್ಷರವನ್ನೇ ಮತ್ತೊಂದು ಮನೆಯಲ್ಲಿ ಇಟ್ಟು ನೋಡಿ. ‘ಶೀಪ್’ ಒತ್ತಿದಾಗ ಒಂದು ‘ಇ’ಗೆ ಬಣ್ಣ ಬಂದು ಇನ್ನೊಂದು ಬೂದಾದರೆ, ಉತ್ತರದಲ್ಲಿ ‘ಇ’ ಒಂದೇ ಎಂದರ್ಥ.

9. ಅಪರೂಪದ ಅಕ್ಷರಗಳಿಗೆ ಸಣ್ಣ ಪದ ಕಲಿಯಿರಿ

ಸ್ಕ್ರ್ಯಾಬಲ್ಲಿನಲ್ಲಿ ‘ಕ್ಯೂ’ಗೆ ಹತ್ತು ಅಂಕ, ಆದರೆ ‘ಯು’ ಸಿಗದೆ ಅದು ಕೈಯಲ್ಲೇ ಉಳಿದರೆ ಅದೇ ಭಾರ. ‘ಯು’ ಇಲ್ಲದ ‘ಕ್ಯೂ’ ಪದಗಳು ಇವೆ: ಎರಡಕ್ಷರದ ‘ಚಿ’, ಅಂದರೆ ‘ಕ್ಯೂ-ಐ’, ಐದಕ್ಷರದ ಫಕೀರ್, ನಿಕಾಬ್, ಕನಾತ್. ಅರಬ್ಬಿಯಿಂದ ಬಂದ ಈ ಕೊನೆಯ ಮೂರು ಪದಗಳು ನಮ್ಮ ಕಡೆಯವರಿಗೆ ಬೇಗ ನೆನಪುಳಿಯುತ್ತವೆ. ಧೋತಿ, ರುಪೀ, ಸಿತಾರ್, ತಬಲಾ, ಕರ್ಮ, ಮ್ಯಾಂಗೋ, ಇವೂ ಐದಕ್ಷರದವೇ. ರೋಟಿ, ದೋಸಾ, ಘೀ ನಾಲ್ಕಕ್ಷರದವು. ನಮ್ಮ ಅಡುಗೆಮನೆಯ ಪದ ಹಲಗೆಯ ಮೇಲೆ ನಡೆಯುತ್ತದೋ ಇಲ್ಲವೋ ಎಂದು ಹಿಂಜರಿಯಬೇಡಿ, ಒಪ್ಪಿರುವ ನಿಘಂಟು ತೆರೆದು ನೋಡಿ. ‘ಎಕ್ಸ್’ಗೆ ಆ್ಯಕ್ಸ್, ಎಕ್ಸ್, ಆಕ್ಸ್ ಎಂಬ ಎರಡಕ್ಷರದ ಪದಗಳು ಸಾಕು.

10. ಏಳು ಬಿಲ್ಲೆಗಳನ್ನು ಜೋಡಿಸುವ ಕ್ರಮ

ಸ್ಕ್ರ್ಯಾಬಲ್ಲಿನಲ್ಲಿ ಕೈಯಲ್ಲಿರುವ ಏಳು ಬಿಲ್ಲೆಗಳನ್ನೂ ಒಂದೇ ಸಲಕ್ಕೆ ಇಟ್ಟರೆ 50 ಅಂಕ ಹೆಚ್ಚುವರಿ. ಅದಕ್ಕೆ ಮೊದಲು ಬಾಲಗಳನ್ನು ಬೇರೆ ಸರಿಸಿಡಿ: ಐ-ಎನ್-ಜಿ, ಇ-ಡಿ, ಇ-ಆರ್, ಎಲ್-ವೈ. ಮುಂದೆ ಬರುವ ಆರ್-ಇ, ಯು-ಎನ್ ಕೂಡ. ಉಳಿದ ನಾಲ್ಕೈದರಲ್ಲಿ ಪದ ಹುಡುಕುವುದು ಸಲೀಸು. ಎ, ಇ, ಐ, ಎನ್, ಆರ್, ಎಸ್, ಟಿ ಈ ಏಳು ಕೈಗೆ ಬಂದರೆ ಬಿಡಲೇಬೇಡಿ. ರಿಟೇನ್ಸ್, ನ್ಯಾಸ್ಟಿಯರ್, ಸ್ಟೇನರ್, ರೆಟಿನಾಸ್ ಎಲ್ಲವೂ ಅವುಗಳಿಂದಲೇ ಆಗುತ್ತವೆ. ಯಾವ ಅಕ್ಷರವಾಗಿಯೂ ಬಳಸಬಹುದಾದ ಖಾಲಿ ಬಿಲ್ಲೆಯನ್ನೂ ‘ಎಸ್’ ಅನ್ನೂ ಹತ್ತು ಹದಿನೈದು ಅಂಕದ ಆಸೆಗೆ ಖರ್ಚು ಮಾಡಬೇಡಿ.

11. ಪದಬಂಧದಲ್ಲಿ ಸುಳಿವಿನ ಎರಡು ತುದಿ

ಒಗಟಿನ ಮಾದರಿಯ ಇಂಗ್ಲಿಷ್ ಪದಬಂಧದಲ್ಲಿ ಉತ್ತರದ ನೇರ ಅರ್ಥ ಸುಳಿವಿನ ಮೊದಲಲ್ಲೋ ಕೊನೆಯಲ್ಲೋ ಇರುತ್ತದೆ, ನಡುವೆ ಇರುವುದಿಲ್ಲ. ಕಲಕು, ಮುರಿ, ಕುಡಿದ, ಹುಚ್ಚು ಎಂಬ ಅರ್ಥದ ಪದ ಕಂಡರೆ ಪಕ್ಕದ ಪದದ ಅಕ್ಷರಗಳನ್ನು ಅದಲುಬದಲು ಮಾಡಬೇಕೆಂದು ಸೂಚನೆ: ಅರ್ಥ್ ಕಲಕಿದರೆ ಹಾರ್ಟ್, ನೈಟ್ ಕಲಕಿದರೆ ಥಿಂಗ್, ಲಿಸನ್ ಕಲಕಿದರೆ ಸೈಲೆಂಟ್. ಅಕ್ಷರಗಳನ್ನು ಸಾಲಾಗಿ ಬರೆಯಬೇಡಿ, ವೃತ್ತಾಕಾರವಾಗಿ ಬರೆಯಿರಿ. ಹಳೆಯ ಕ್ರಮ ಕಣ್ಣಿನಿಂದ ಮರೆಯಾದಾಗ ಹೊಸದು ಕಾಣಿಸುತ್ತದೆ. 1942ರ ಜನವರಿಯಲ್ಲಿ ಲಂಡನ್ನಿನ ಡೈಲಿ ಟೆಲಿಗ್ರಾಫ್ 12 ನಿಮಿಷದೊಳಗೆ ಪದಬಂಧ ಬಿಡಿಸುವ ಸ್ಪರ್ಧೆ ನಡೆಸಿತು. ಚೆನ್ನಾಗಿ ಬಿಡಿಸಿದ ಕೆಲವರಿಗೆ ಆಮೇಲೆ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನ್ನರ ಸಂಕೇತ ಒಡೆಯುವ ಕೆಲಸ ಸಿಕ್ಕಿತು.

12. ಹುಡುಕುವ ಸಾಧನ ಆಟ ಮುಗಿದ ಮೇಲೆ

‘ಐದಕ್ಷರ, ಮೂರನೆಯದು ಎ, ಎಲ್ಲಾದರೂ ಆರ್’ ಎಂದು ಕೊಟ್ಟರೆ ಪಟ್ಟಿಯನ್ನೇ ಮುಂದಿಡುವ ಸಾಧನಗಳಿವೆ. ಆಟದ ನಡುವೆ ಅದನ್ನು ತೆರೆದರೆ ಅಂದಿನ ಉತ್ತರ ಸಿಗುತ್ತದೆ, ನಾಳೆಗೆ ಏನೂ ಉಳಿಯುವುದಿಲ್ಲ. ಮುಗಿದ ಮೇಲೆ ತೆರೆಯಿರಿ. ನಿಮಗೆ ಹೊಳೆಯದೇ ಹೋದದ್ದು ಯಾವ ಪದ, ಅದರ ಕುಟುಂಬದಲ್ಲಿ ಇನ್ನಾರಿದ್ದಾರೆ ಎಂದು ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಲೂಯಿಸ್ ಕ್ಯಾರೊಲ್ 1877ರಲ್ಲಿ ಕಟ್ಟಿದ ಏಣಿಯಾಟವನ್ನೂ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸುತ್ತಾ ಒಂದು ಪದದಿಂದ ಇನ್ನೊಂದಕ್ಕೆ ಹೋಗಬೇಕು: ಕೋಲ್ಡ್, ಕಾರ್ಡ್, ಕಾರ್ಡ್, ವಾರ್ಡ್, ವಾರ್ಮ್. ಕಿವಿಗೆ ಎರಡು ಸಲ ಒಂದೇ ಎನಿಸುವ ಆ ಎರಡು ‘ಕಾರ್ಡ್’ಗಳಲ್ಲಿ ಮೊದಲನೆಯದು ಹಗ್ಗ, ನಡುವೆ ‘ಒ’; ಎರಡನೆಯದು ಚೀಟಿ, ನಡುವೆ ‘ಎ’.

13. ಕರಿಹಲಗೆಯ ಮೇಲೆ ಆಡಿಸಿ

ಈ ಆಟಕ್ಕೆ ಮೊಬೈಲೂ ಬೇಡ, ನೆಟ್ಟೂ ಬೇಡ. ವರ್ಡಲ್ ಹುಟ್ಟುವುದಕ್ಕೆ ಬಹಳ ಮುಂಚೆ, 1955ರಲ್ಲೇ, ಜಾಟೊ ಎಂಬ ಐದಕ್ಷರದ ಆಟವನ್ನು ಅಮೆರಿಕದಲ್ಲಿ ಕಾಗದ ಪೆನ್ಸಿಲಿನಲ್ಲಿ ಆಡುತ್ತಿದ್ದರು. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಿಗೂ ಟೀಚರ್‌ಗಳಿಗೂ ನನ್ನ ವಿನಂತಿ ಇದು: ವಾರಕ್ಕೊಂದು ದಿನ, ಪಾಠ ಮುಗಿದ ಮೇಲೆ ಹತ್ತು ನಿಮಿಷ ಕೊಡಿ. ಆ ವಾರದ ಪಾಠದಿಂದಲೇ ಐದಕ್ಷರದ ಒಂದು ಪದ ಮನಸ್ಸಿನಲ್ಲಿಟ್ಟುಕೊಂಡು ಹಲಗೆಯ ಮೇಲೆ ಐದು ಮನೆಯ ಆರು ಸಾಲು ಬರೆಯಿರಿ. ಹಸಿರು ಸೀಮೆಸುಣ್ಣ ಒಂದು, ಹಳದಿ ಒಂದು, ಬಿಳಿ ಒಂದು ಸಾಕು. ಹಿಂದಿನ ಬೆಂಚಿನ ಮಕ್ಕಳಿಂದಲೇ ಮೊದಲ ಪದ ಹೇಳಿಸಿ.